ಜನಕ್ಕಿಂತ ಮೊದಲಿನ ಚಪ್ಪಾಳೆ

ಡ್ರೈ ಫೋರ್ಕ್, ಟೆಕ್ಸಾಸ್
9 ಸೆಪ್ಟೆಂಬರ್ 1973

ಡೆಲ್,

ಶಾಲೆಯ ಮೊದಲ ಫುಟ್‌ಬಾಲ್ ಆಟದ ಫಿಲ್ಮ್ ರೀಲನ್ನು ನಿನ್ನೆಯ ಬಸ್ಸಿಗೆ ಹಾಕಿದ್ದೇನೆ. ನೆಬ್ರಾಸ್ಕಾಕ್ಕೆ ಬಸ್ಸು ಹೋಗುವುದೇನೋ ಹೋಗುತ್ತದಂತೆ, ಅಲ್ಲಿಂದ ಯಾರಾದರೂ ವಾಪಸು ಬಂದದ್ದನ್ನು ಮಾತ್ರ ನೋಡಿಲ್ಲ ಎಂದು ಟಿಕೆಟ್ ಕೊಡುವವನು ಹೇಳಿದ. ಹದಿನೆಂಟು ವರ್ಷ ನನ್ನ ಎಡಗಡೆ ನಿಂತಿದ್ದ ಸಹಾಯಕ ಗೋಧಿ ಹೊಲಗಳ ನಡುವೆ ಹೋಗಿ ದೊಡ್ಡ ಕೋಚ್ ಆಗಿದ್ದಾನೆ. ಆಗಲಿ. ಆದರೆ ಹಳೆಯ ಕೆಲಸ ತಪ್ಪಿಸಿಕೊಳ್ಳಬೇಡ.

ಕೆಲಸ ಇಷ್ಟೇ. ಚೆಂಡಿನ ಮುಂದೆ ಬಗ್ಗಿ ನಿಲ್ಲುವ ನಮ್ಮ ಏಳು ಹುಡುಗರ ಸಾಲನ್ನು ನೋಡು. ಯಾರ ಕೈ ಎಲ್ಲಿತ್ತು, ಕಾಲು ಎಲ್ಲಿತ್ತು, ಯಾರು ಮೊದಲು ನುಗ್ಗಿದ, ಯಾರು ಎದುರಾಳಿಯನ್ನು ತಳ್ಳುವ ಬದಲು ಅವನಿಗೇ ಒರಗಿಕೊಂಡು ವಿಶ್ರಾಂತಿ ತೆಗೆದುಕೊಂಡ, ಎಲ್ಲವನ್ನೂ ಬರೆ. ಆಟವನ್ನೇ ನೋಡದವನಿಗೆ ಹೇಳುವ ಹಾಗೆ ಬರೆ. ಈಗಿರುವ ಸಹಾಯಕರು ಒಳ್ಳೆಯ ಹುಡುಗರೇ. ಆದರೆ ಚೆಂಡು ಎಲ್ಲಿಗೆ ಹೋದರೆ ಅವರ ಕಣ್ಣೂ ಅಲ್ಲಿಗೇ ಹೋಗುತ್ತದೆ. ಟಿಕೆಟ್ ಕೊಂಡು ಬಂದವರೂ ಅದನ್ನೇ ಮಾಡುತ್ತಾರೆ.

ಫೋನ್ ಮಾಡಬೇಡ. ನಮ್ಮದೂ ಮಿಸೆಸ್ ಗೇಟ್‌ವುಡ್ಡಳದೂ ಒಂದೇ ತಂತಿ, ನಮ್ಮ ಮಾತೆಲ್ಲ ಅವಳಿಗೂ ಕೇಳಿಸುತ್ತದೆ. ಅವಳ ಸೋದರಳಿಯ ಆಡುವುದು ಪಕ್ಕದ ಊರಿನ ತಂಡಕ್ಕೆ. ನಾನು ಫೋನಿನಲ್ಲಿ ಸೀನಿದರೂ ಅವರಿಗೆ ಗೊತ್ತಾಗುತ್ತದೆ.

ನಮ್ಮ ಮನೆಯಾಕೆ ವರ್ಡಾ ಪಿಕಾನ್ ಬೀಜ ಕಳಿಸಿದ್ದಾಳೆ. "ತಿಂದು ಸಿಪ್ಪೇನ ಆ ರೀಲಿನ ಡಬ್ಬೀಲೇ ತುಂಬಿ ಕಳಿಸ್ಬೇಡ ಅಂತ ಬರೀರಿ, ಹೋದ್ ವರ್ಷ ಹಂಗೇ ಮಾಡಿದ್ದ" ಎನ್ನುತ್ತಿದ್ದಾಳೆ. ಬರೆದಿದ್ದೇನೆ.

ಆರ್ವಿಲ್ ಟ್ರಾಮೆಲ್


ವೆಸ್ಟ್‌ಫಾಲ್, ನೆಬ್ರಾಸ್ಕಾ
13 ಸೆಪ್ಟೆಂಬರ್ 1973

ಕೋಚ್ ಅವರಿಗೆ,

ರೀಲು ಬಂತು. ಅಡುಗೆಮನೆಯ ಗೋಡೆಗೆ ಹಾಸಿಗೆಯ ಹೊದಿಕೆ ಕಟ್ಟಿ ನೋಡಿದೆ. ನೋರೀನ್ ಸೊಂಟದ ಮೇಲೆ ಕೈಯಿಟ್ಟು ನಿಂತು, "ಊರು ಬಿಟ್ಟು ಮೂರು ವರ್ಷ ಆಯ್ತು. ಆ ಮುದುಕಪ್ಪ ಈಗ ನನ್ನ ಹೊದಿಕೆ ಮೇಲೂ ಬಂದು ಕೂತ್ನಲ್ಲ!" ಎಂದಳು. ಸಿಪ್ಪೆಯನ್ನು ಒಲೆಗೆ ಹಾಕಿದ್ದೇವೆ ಎಂದು ವರ್ಡಾ ಅಮ್ಮನವರಿಗೆ ಹೇಳಿ.

ಎಡಗಡೆಯ ಮೂವರೂ ಚೆನ್ನಾಗಿದ್ದಾರೆ, ಕಾಲು ನಿಲ್ಲಿಸುವುದಿಲ್ಲ. ನಡುವಿನವನು ಚೆಂಡನ್ನು ಹಿಂದಕ್ಕೆ ಕೊಟ್ಟ ಮೇಲೆ ಅರೆಕ್ಷಣ ತನ್ನ ಕೆಲಸವನ್ನು ತಾನೇ ಮೆಚ್ಚಿಕೊಂಡು ನಿಲ್ಲುತ್ತಾನೆ. ದೊಡ್ಡ ತೊಂದರೆ ಬಲಗಡೆಯ ಅರವತ್ನಾಲ್ಕನೇ ನಂಬರಿನವನದು. ಮುಂದೆ ನುಗ್ಗಬೇಕಾದಾಗ ಅವನ ಬೆನ್ನು ಮುಂದಕ್ಕೆ ವಾಲುತ್ತದೆ. ಹಿಂದೆ ಸರಿದು ಕಾಯಬೇಕಾದಾಗ, ಕ್ಷಮಿಸಿ, ಕಕ್ಕಸಿಗೆ ಕೂತವನ ಹಾಗೆ ಕೂರುತ್ತಾನೆ. ಎದುರಿನವರು ಒಮ್ಮೆ ಇದನ್ನು ಗಮನಿಸಿದರೆ ಸಾಕು, ನೀವು ಏನು ಆಡಲಿದ್ದೀರಿ ಎಂದು ಅವನೇ ಡಂಗುರ ಹೊಡೆದ ಹಾಗೆ. ಚೆಂಡು ಹೊರಟ ಪ್ರತಿಯೊಂದು ಸಲದ ವಿವರವೂ ಇದರ ಹಿಂದಿನ ಹಾಳೆಗಳಲ್ಲಿದೆ.

ಇಷ್ಟೆಲ್ಲ ಬರೆದ ಮೇಲೆ ಒಂದು ಮಾತು. ಇದನ್ನೆಲ್ಲ ನೀವು ಶುಕ್ರವಾರವೇ ನೋಡಿರುತ್ತೀರಿ. ಊರಿಗೆ ಊರೇ ಚೆಂಡನ್ನು ನೋಡುವಾಗ ನೀವೊಬ್ಬರು ಸಾಲನ್ನು ನೋಡುತ್ತಿದ್ದಿರಿ. ಸಾಲು ಸರಿಯಾಗಿ ತಳ್ಳಿದ ಕೂಡಲೇ ಎರಡು ಚಪ್ಪಾಳೆ. ಚೆಂಡು ಹಿಡಿದವನು ಓಡಿ, ಜನ ಎದ್ದು ಕೂಗುವ ಹೊತ್ತಿಗೆ ನಿಮ್ಮ ಕೈ ಜೇಬಿಗೆ ವಾಪಸಾಗಿರುತ್ತಿತ್ತು. ಹೊರಗಿನವರು ನಿಮ್ಮನ್ನು ಹುಚ್ಚ ಎಂದುಕೊಳ್ಳುತ್ತಿದ್ದರು. ಅಂಥ ನಿಮಗೆ ನನ್ನ ಕಣ್ಣು ಯಾಕೆ ಬೇಕು? ಇನ್ನೂ ನನ್ನನ್ನು ಪರೀಕ್ಷೆ ಮಾಡುತ್ತಿದ್ದೀರಿ ಅಲ್ಲವೇ?

ನಾವು ಮೊದಲ ಆಟ ಸೋತೆವು.

ಡೆಲ್ಬರ್ಟ್ ಸ್ಟೋವಲ್


ಡ್ರೈ ಫೋರ್ಕ್
23 ಸೆಪ್ಟೆಂಬರ್ 1973

ಡೆಲ್,

ಅರವತ್ನಾಲ್ಕನೆಯವನನ್ನು ಎಲ್ಲರೆದುರಿಗೆ ನಿಲ್ಲಿಸಿ, "ಏನಪ್ಪಾ, ಆಟದ ಮಧ್ಯೆ ಕಕ್ಕಸು ಅಷ್ಟು ಅರ್ಜೆಂಟಾ?" ಎಂದೆ. ಆಮೇಲೆ ಬಟ್ಟೆ ಬದಲಿಸುವ ಕೋಣೆಯಲ್ಲಿ ಹುಡುಗರು, "ಮುದುಕನಿಗೆ ಬೆನ್ನಲ್ಲೂ ಕಣ್ಣಿದೆ ಕಣ್ರೋ" ಎಂದು ಮಾತಾಡಿಕೊಳ್ಳುತ್ತಿದ್ದರು. ಅದು ನೀನು ಬರೆದದ್ದು ಎಂದು ನಾನು ಹೇಳಲಿಲ್ಲ. ವರ್ಡಾ ನನಗೆ ಬೈದಳು. ಕಕ್ಕಸಿನ ಸಾಲನ್ನು ಎರಡು ಸಲ ಓದಿ, ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕವಳೂ ಅವಳೇ.

ಪರೀಕ್ಷೆ ಎಂದು ಕೇಳಿದ್ದೀಯೆ. ಹಾಗೆಂದೇ ಅಂದುಕೋ.

ಈ ವರ್ಷ ಒಂದು ಹೊಸ ನಿಯಮ ಮಾಡಿದ್ದೇನೆ. ಅಭ್ಯಾಸಕ್ಕೆ ಬರುವ ಪ್ರತಿಯೊಬ್ಬನೂ ಬಾಗಿಲಲ್ಲಿ ನನ್ನೆದುರು ನಿಂತು ತನ್ನ ಹೆಸರನ್ನು ಗಟ್ಟಿಯಾಗಿ ಕೂಗಬೇಕು. ನಾನು ಅವನ ತಲೆಯ ಮೇಲೆ ಕೈಯಿಟ್ಟು ಒಳಗೆ ಬಿಡುತ್ತೇನೆ. ಮೊನ್ನೆ ಪತ್ರಿಕೆಯವನೊಬ್ಬ ಬಂದು ಅದನ್ನು ನೋಡಿ, ಹುಡುಗನನ್ನು ಗಂಡಸು ಮಾಡುವ ವಿಧಾನ ಇದು ಎಂದು ಅರ್ಧ ಪುಟ ಬರೆದಿದ್ದಾನಂತೆ. ಈಗ ಪಕ್ಕದ ಜಿಲ್ಲೆಯ ಕೋಚುಗಳೂ ಬಾಗಿಲಲ್ಲಿ ನಿಂತು ಹೆಸರು ಕೂಗಿಸುತ್ತಿದ್ದಾರೆ ಎಂದು ಕೇಳಿದೆ. ನನಗೆ ನಗು ಬಂತು.

ಪಿಕಪ್ ಗಾಡಿಯನ್ನು ಮಾರಿದೆ. ಮನೆಯಿಂದ ಮೈದಾನಕ್ಕೆ ಬೇಲಿಯುದ್ದಕ್ಕೂ ನಡೆದೇ ಹೋಗುತ್ತೇನೆ. ವಯಸ್ಸಿಗೆ ಒಳ್ಳೆಯದು.

ಎರಡನೆಯ, ಮೂರನೆಯ ಆಟದ ರೀಲುಗಳು ಬರುತ್ತವೆ. ಸೋತದ್ದಕ್ಕೆ ಕೊರಗಬೇಡ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ನಿನಗಿನ್ನೂ ವರುಷ ಬೇಕು.

ಆರ್ವಿಲ್


ವೆಸ್ಟ್‌ಫಾಲ್
3 ಅಕ್ಟೋಬರ್ 1973

ಕೋಚ್ ಅವರಿಗೆ,

ಎರಡೂ ರೀಲುಗಳ ವಿವರ ಇದರೊಳಗಿದೆ. ನಿಮ್ಮ ಹೊಸ ನಿಯಮವನ್ನು ಇಲ್ಲಿಯೂ ತಂದಿದ್ದೇನೆ. ಸೋಮವಾರದಿಂದ ನನ್ನ ಹುಡುಗರೂ ಬಾಗಿಲಲ್ಲಿ ಹೆಸರು ಕೂಗಿ ಒಳಗೆ ಬರುತ್ತಿದ್ದಾರೆ. ನಮ್ಮ ಲ್ಯಾಸ್ಲೋ ಎಂಬ ಹುಡುಗ, "ಕೋಚ್, ನಾನು ನಿಮ್ಮ ಎದುರುಮನೆಯೋನು. ಇವತ್ತು ಬೆಳಿಗ್ಗೆ ನಿಮ್ಮ ಹಾಲಿನ ಬಾಟ್ಲಿ ತಂದ್ಕೊಟ್ಟಿದ್ದೂ ನಾನೇ. ಹೆಸರು ಕೂಗ್ಲೇಬೇಕಾ?" ಎಂದ. ಡ್ರೈ ಫೋರ್ಕಿನ ಟ್ರಾಮೆಲ್ ಅವರು ಕೂಗಿಸುತ್ತಾರೆ ಎಂದೆ. ತೆಪ್ಪಗೆ ಕೂಗಿದ.

ಈಗ ನನ್ನ ವಿಷಯ. ನೀವು ವರುಷ ಎಂದಿರಿ. ಇಲ್ಲಿನ ಶಾಲಾ ಮಂಡಳಿ ನನಗೆ ಅಷ್ಟು ಕೊಡುವ ಹಾಗೆ ಕಾಣುವುದಿಲ್ಲ. ಅಕ್ಟೋಬರ್ ಕೊನೆಯ ಸೋಮವಾರ ಸಭೆ ಸೇರಿ, ನನ್ನನ್ನು ಇಟ್ಟುಕೊಳ್ಳಬೇಕೋ ಬೇಡವೋ ಎಂದು ತೀರ್ಮಾನಿಸುತ್ತಾರೆ. ಅಧ್ಯಕ್ಷರು ಮರೆಮಾಚದೆ ಹೇಳಿದರು: "ಟ್ರಾಮೆಲ್ ಹತ್ರ ಹದಿನೆಂಟು ವರ್ಷ ಇದ್ದೆ ಅಂತೀಯ. ಆ ಮನುಷ್ಯ ನಿನ್ನ ಬಗ್ಗೆ ಏನಂತಾನೋ ಒಂದು ಕಾಗದ ತರಿಸು. ಅದನ್ನ ನೋಡಿದ್ರೆ ಜನ ಸುಮ್ನಾಗ್ತಾರೆ."

ಎರಡು ಸಾಲು ಸಾಕು, ಕೋಚ್. ನಾನು ನಿಮ್ಮಲ್ಲಿ ಇಷ್ಟು ವರ್ಷ ಏನನ್ನೂ ಕೇಳಿದವನಲ್ಲ. ಈಗ ಕೇಳುತ್ತಿದ್ದೇನೆ.

ಡೆಲ್


ಡ್ರೈ ಫೋರ್ಕ್
7 ಅಕ್ಟೋಬರ್ 1973

ಡೆಲ್,

ಈ ವಾರದ ರೀಲು ನೋಡಿದರೆ ನಗುತ್ತೀಯೆ. ಮೂರನೆಯ ಭಾಗದಲ್ಲಿ ಎದುರು ತಂಡದ ಹುಡುಗನೊಬ್ಬ ಚೆಂಡನ್ನು ಕಂಕುಳಲ್ಲಿ ಹಿಡಿದು ಗೆರೆ ದಾಟಿ ನೇರವಾಗಿ ನನ್ನ ಮೇಲೆ ಬಂದ. ನಾನು ಅಲ್ಲಾಡಲಿಲ್ಲ. ಪತ್ರಿಕೆಯಲ್ಲಿ 'ಡ್ರೈ ಫೋರ್ಕಿನ ಕಂಬ' ಎಂದು ಬಂದಿದೆ. ಕ್ಲೀಟಸ್ ತನ್ನ ಕ್ಷೌರದಂಗಡಿಯ ಕನ್ನಡಿಗೆ ಅದನ್ನು ಅಂಟಿಸಿಕೊಂಡು, ಬಂದವರಿಗೆಲ್ಲ, "ಅರವತ್ತೈದು ವಯಸ್ಸಲ್ಲಿ ಎಂಥಾ ಎದೆ ನೋಡ್ರಪ್ಪಾ" ಎಂದು ಹೇಳುತ್ತಿದ್ದಾನೆ. ಪಕ್ಕೆಲುಬು ಸ್ವಲ್ಪ ನೋಯುತ್ತಿದೆ. ಗೆದ್ದೆವು.

ವರ್ಡಾ ನಿನ್ನೆ ಟುಕುಮ್ಕ್ಯಾರಿಗೆ, ತಂಗಿಯ ಮನೆಗೆ ಹೋದಳು. ತಂಗಿಗೆ ಸೊಂಟ ಮುರಿದಿದೆ. ಬರುವುದು ಯಾವಾಗಲೋ. ನಾನು ಅಂಗಡಿಯ ತಗಡಿನ ಡಬ್ಬಿಗಳನ್ನು ಒಡೆದು ಊಟ ಮಾಡುತ್ತಿದ್ದೇನೆ. ನಿನ್ನೆ ಪೀಚ್ ಹಣ್ಣು. ಇವತ್ತು ಮಾಂಸದ ಸಾರು ಎಂದುಕೊಂಡು ಬಿಸಿ ಮಾಡಿದರೆ ಅದೂ ಪೀಚ್.

ನಿನ್ನ ವಿವರಗಳೆಲ್ಲ ಎಂದಿನ ಹಾಗೆ ಸರಿಯಾಗಿದ್ದವು. ಬರೆಯುತ್ತಿರು. ಬರೆಯುವುದನ್ನು ನಿಲ್ಲಿಸಬೇಡ.

ಆರ್ವಿಲ್


ವೆಸ್ಟ್‌ಫಾಲ್
14 ಅಕ್ಟೋಬರ್ 1973

ಕೋಚ್ ಅವರಿಗೆ,

ಹೋದ ಪತ್ರದಲ್ಲಿ ನಾನು ಕೇಳಿದ್ದಕ್ಕೆ ನೀವು ಉತ್ತರ ಬರೆಯಲಿಲ್ಲ. ವರ್ಡಾ ಅಮ್ಮ ಊರಿಗೆ ಹೋದ ಗಡಿಬಿಡಿಯಲ್ಲಿ ಮರೆತಿರಬಹುದು ಎಂದುಕೊಂಡು ಮತ್ತೆ ಕೇಳುತ್ತಿದ್ದೇನೆ. ಸಭೆ ಇಪ್ಪತ್ತೊಂಬತ್ತಕ್ಕೆ. ಕಾಗದ ಅದಕ್ಕೆ ಮುಂಚೆ ಅಧ್ಯಕ್ಷರ ಕೈ ಸೇರಬೇಕು. ವಿಳಾಸ ಕೆಳಗಿದೆ.

'ಕಂಬ'ದ ರೀಲನ್ನು ನೋಡಿದೆ. ನನಗೆ ನಗು ಬರಲಿಲ್ಲ. ಡಿಕ್ಕಿ ಹೊಡೆದ ಆ ಹುಡುಗ ಬಹಳ ಹೊತ್ತು ಮೇಲೇಳಲಿಲ್ಲ. ಅವನ ತೋಳನ್ನು ಎದೆಗೆ ಕಟ್ಟಿ ಹೊರಗೆ ಕರೆದುಕೊಂಡು ಹೋದರು. ನೀವು ಅವನ ಬಗ್ಗೆ ಒಂದು ಮಾತನ್ನೂ ಬರೆದಿಲ್ಲ. ಹೇಗಿದ್ದಾನೆ? ಗೆರೆಯ ಪಕ್ಕ ನಿಂತವನು ಸರಿದು ದಾರಿ ಬಿಡಬೇಕು ಎಂದು ನನಗೆ ಕಲಿಸಿದವರು ನೀವು.

ಈ ಸಲ ನಾನು ಸಾಲಿನ ವಿವರ ಬರೆದಿಲ್ಲ. ಒಂದಕ್ಷರವನ್ನೂ ಬರೆದಿಲ್ಲ. ಮೊದಲು ನನ್ನ ಪ್ರಶ್ನೆಗೆ ಉತ್ತರ ಬರಲಿ.

ಡೆಲ್


ಡ್ರೈ ಫೋರ್ಕ್
22 ಅಕ್ಟೋಬರ್ 1973

ಡೆಲ್,

ಸಾಲಿನ ವಿವರ ಬಂತು. ಬಹಳ ಚೆನ್ನಾಗಿ ಬರೆದಿದ್ದೀಯೆ. ಹುಡುಗರಿಗೆ ಹಾಗೆಯೇ ಹೇಳಿದೆ.

ಇಲ್ಲಿ ಉತ್ತರದ ಗಾಳಿ ಶುರುವಾಗಿದೆ. ಹತ್ತಿ ಬಿಡಿಸುವ ಯಂತ್ರಗಳ ಸದ್ದು ದಿನವಿಡೀ ಕೇಳುತ್ತದೆ. ಸಂಜೆ ಅದು ನಿಂತ ಮೇಲೆ ಈ ಮನೆ ಎಷ್ಟು ದೊಡ್ಡದು ಎಂದು ತಿಳಿಯುತ್ತದೆ. ಶಾಲೆಯಲ್ಲಿ ಟೈಪಿಂಗ್ ಪಾಠವನ್ನು ಈ ವರ್ಷವೂ ನಾನೇ ಮಾಡುತ್ತಿದ್ದೇನೆ. ಹೆಣ್ಣುಮಕ್ಕಳು ನನ್ನನ್ನು ಮೀರಿಸುವ ವೇಗದಲ್ಲಿ ಹೊಡೆಯುತ್ತಾರೆ. ಮೂವತ್ತು ಯಂತ್ರಗಳು ಒಟ್ಟಿಗೆ ಸದ್ದು ಮಾಡುವಾಗ ನನಗೆ ಹಿತವಾಗಿರುತ್ತದೆ. ರೇಡಿಯೊ ಕೇಳುತ್ತೇನೆ. ನಿನ್ನ ನೆಬ್ರಾಸ್ಕಾದ ಹವಾಮಾನವನ್ನೂ ಹೇಳುತ್ತಾರೆ. ಅಲ್ಲಿ ಹಿಮ ಬೀಳುತ್ತದೆ ಎಂದಾಗ ನೀನು ಕೋಟು ಹಾಕಿಕೊಂಡೆಯೋ ಇಲ್ಲವೋ ಎಂದು ಯೋಚಿಸುತ್ತೇನೆ.

ಗೆದ್ದೆವು. ರೀಲು ಬಸ್ಸಿನಲ್ಲಿದೆ.

ಆರ್ವಿಲ್


ವೆಸ್ಟ್‌ಫಾಲ್
31 ಅಕ್ಟೋಬರ್ 1973

ಟ್ರಾಮೆಲ್ ಅವರಿಗೆ,

ನಾನು ಬರೆಯದೇ ಇದ್ದ ವಿವರವನ್ನು ಹೊಗಳಿದ್ದೀರಿ. ನನ್ನ ಲಕೋಟೆಯನ್ನು ನೀವು ಒಡೆಯುವುದೂ ಇಲ್ಲ ಎಂದು ಈಗ ತಿಳಿಯಿತು.

ಸೋಮವಾರ ಸಭೆ ನಡೆಯಿತು. ಅಧ್ಯಕ್ಷರು, "ಕಾಗದ ಬಂತೇನಯ್ಯಾ?" ಎಂದು ಎಲ್ಲರೆದುರಿಗೆ ಕೇಳಿದರು. ಇಲ್ಲ ಎಂದೆ. ಹಿಂದಿನ ಸಾಲಿನಿಂದ ಯಾರೋ, "ಹದಿನೆಂಟು ವರ್ಷ ನೀರು ಹೊತ್ತಿರ್ಬೇಕು ಅಷ್ಟೇ" ಎಂದರು. ಜನ ನಕ್ಕರು. ನೋರೀನ್ ಅಲ್ಲಿಯೇ ಕೂತಿದ್ದಳು. ನವೆಂಬರ್ ಎರಡರ ಆಟವೇ ನನ್ನ ಕೊನೆಯ ಆಟ. ಜನವರಿಯೊಳಗೆ ಶಾಲೆಯ ಮನೆಯನ್ನೂ ಬಿಡಬೇಕು.

ಹಿತ್ತಲ ಗಿಡ ಮದ್ದಲ್ಲ ಎನ್ನುತ್ತಾರೆ. ನಿಮ್ಮ ಹಿತ್ತಲಲ್ಲಿ ಹದಿನೆಂಟು ವರ್ಷ ಬೆಳೆದವನು ನಾನು. ನಾನು ಕಂಡದ್ದನ್ನು ನೀವು ಹುಡುಗರಿಗೆ ಹೇಳಿದಿರಿ, ಅವರು ನಿಮ್ಮನ್ನು ದೇವರೆಂದರು. ಅದಕ್ಕೆ ನನಗೆ ಹೊಟ್ಟೆಕಿಚ್ಚಿರಲಿಲ್ಲ. 'ಡೆಲ್ ಒಳ್ಳೆಯ ಕೋಚ್' ಎಂಬ ಒಂದು ಸಾಲು ನಿಮ್ಮ ಕೈಯಿಂದ ಬಂದಿದ್ದರೆ ಸಾಕಿತ್ತು. ಮೂರು ವರ್ಷದ ಹಿಂದೆ ನಾನು ಹೊರಟಾಗಲೂ ನೀವು 'ಇರು' ಎನ್ನಲಿಲ್ಲ. ಬಾಗಿಲಲ್ಲಿ ನಿಂತು ಹವಾಮಾನದ ಬಗ್ಗೆ ಮಾತಾಡಿದಿರಿ.

ನಿಮಗೆ ಈಗ ಯಾರೂ ಕಾಣುವುದಿಲ್ಲ. ನಾನು ಕಾಣುವುದಿಲ್ಲ, ತೋಳು ಮುರಿದುಕೊಂಡು ಬಿದ್ದ ಆ ಹುಡುಗ ಕಾಣುವುದಿಲ್ಲ. ಇನ್ನು ಆಟ ಬಿಟ್ಟುಬಿಡಿ. ಯಾರಾದರೂ ನಿಮಗೆ ಇದನ್ನು ಹೇಳಬೇಕಾಗಿತ್ತು.

ನಿಮ್ಮ ರೀಲುಗಳಿಗಾಗಿ ನಾನು ಇಷ್ಟು ದಿನ ಬರೆದಿಟ್ಟುಕೊಂಡ ಎಲ್ಲ ಹಾಳೆಗಳನ್ನೂ ಇದರೊಳಗೆ ತುರುಕಿದ್ದೇನೆ. ನನಗೆ ಬೇಡ.

ಡಿ. ಸ್ಟೋವಲ್


ಡ್ರೈ ಫೋರ್ಕ್
11 ನವೆಂಬರ್ 1973

ಡೆಲ್,

ನಿನ್ನ ಪತ್ರ ಈ ಸಲ ದಪ್ಪಗಿತ್ತು. ತುಂಬಾ ಸಂತೋಷವಾಯಿತು. ಇಷ್ಟು ಉದ್ದ ನೀನು ಯಾವತ್ತೂ ಬರೆದಿರಲಿಲ್ಲ. ಎರಡು ದಿನ ಕೋಟಿನ ಜೇಬಿನಲ್ಲೇ ಇಟ್ಟುಕೊಂಡು ಓಡಾಡಿದೆ.

ಶುಕ್ರವಾರ ಹೊರ ಊರಿನಲ್ಲಿ ಆಡಿ ಜಿಲ್ಲೆಯ ಪಟ್ಟ ಗೆದ್ದೆವು. ಮೂವತ್ತೊಂದು ವರ್ಷದಲ್ಲಿ ಹದಿನಾಲ್ಕನೆಯದು ಎಂದು ಜನ ಹೇಳುತ್ತಾರೆ. ನಾನು ಎಣಿಸಿಲ್ಲ. ಹುಡುಗರು ನನ್ನನ್ನು ಹೆಗಲ ಮೇಲೆ ಹೊತ್ತು ಮೈದಾನ ದಾಟಿಸಿದರು. ಇಳಿಸಿದ ಮೇಲೆ ನಾನು ಯಾವ ಕಡೆ ಮುಖ ಮಾಡಿ ನಿಂತಿದ್ದೇನೆ ಎಂದು ಸ್ವಲ್ಪ ಹೊತ್ತು ತಿಳಿಯಲಿಲ್ಲ. ಎಲ್ಲರೂ ಬಸ್ಸಿನ ಕಡೆಗೆ ಓಡಿದ್ದರು. ಹಾಗೆಯೇ ನಿಂತಿದ್ದೆ. ಆಮೇಲೆ ಬಸ್ಸಿನ ಹಾರ್ನ್ ಕೇಳಿಸಿತು, ಅತ್ತ ನಡೆದೆ.

ವರ್ಡಾ ಇನ್ನೂ ಬಂದಿಲ್ಲ. ಈ ರೀಲನ್ನು ಮಾತ್ರ ತಪ್ಪದೆ ನೋಡು.

ಆರ್ವಿಲ್


ವೆಸ್ಟ್‌ಫಾಲ್
17 ನವೆಂಬರ್ 1973

ಕೋಚ್,

ಈ ಪತ್ರಕ್ಕೆ ನಾನು ಅಂಚೆಚೀಟಿ ಹಚ್ಚುವುದಿಲ್ಲ. ಹಚ್ಚಿ ಪ್ರಯೋಜನವಿಲ್ಲ. ಆದರೂ ನಿಮಗೆ ಬರೆದು ಬರೆದು ಅಭ್ಯಾಸವಾಗಿದೆ. ಕೈ ಸುಮ್ಮನಿರುವುದಿಲ್ಲ.

ರೀಲನ್ನು ವಾಪಸು ಕಳಿಸಿಬಿಡಬೇಕೆಂದಿದ್ದೆ. ನೋರೀನ್, "ದಪ್ಪ ಕಾಗದ ಬಂದಿದ್ದಕ್ಕೆ ಸಂತೋಷ ಆಯ್ತಂತೆ! ನೀನು ಬರೆದಿದ್ದು ಓದಿದ್ದಿದ್ರೆ ಯಾವ ಮನುಷ್ಯ ಹೀಗೆ ಬರೀತಾನೆ? ಏನೋ ಸರಿಯಿಲ್ಲ, ಹಾಕು ಅದನ್ನ" ಎಂದು ತಾನೇ ಹೊದಿಕೆ ಕಟ್ಟಿದಳು.

ಹೊರ ಊರಿನ ಆಟವಾದ್ದರಿಂದ ಈ ಸಲ ನೀವು ಕ್ಯಾಮೆರಾದ ಎದುರು ದಂಡೆಯಲ್ಲಿ, ಆಟದುದ್ದಕ್ಕೂ ಕಾಣುವ ಹಾಗೆ ನಿಂತಿದ್ದಿರಿ. ನಿಮ್ಮ ಹಿಂದೆ ನಮ್ಮ ಊರಿನ ಜನ. ನಾನು ಹಳೆಯ ಚಟದಿಂದ ಸಾಲನ್ನೇ ನೋಡುತ್ತಿದ್ದೆ. ಎರಡನೆಯ ಭಾಗದಲ್ಲಿ ನಮ್ಮ ಎಡಗಡೆಯ ಮೂವರು ಎದುರಿನವರನ್ನು ಬಾಗಿಲು ತೆರೆದ ಹಾಗೆ ತೆರೆದರು. ನಿಮ್ಮ ಎರಡು ಚಪ್ಪಾಳೆ ಈಗ ಬರಬೇಕು ಎಂದು ನಿಮ್ಮ ಕಡೆ ನೋಡಿದೆ. ಬರಲಿಲ್ಲ. ಚೆಂಡು ಹಿಡಿದವನು ಓಡಿದ. ನಿಮ್ಮ ಹಿಂದೆ ಜನರೆಲ್ಲ ಎದ್ದು ನಿಂತರು, ಟೋಪಿಗಳು ಹಾರಿದವು. ಅದಾದ ಮೇಲೆ ನೀವು ಚಪ್ಪಾಳೆ ಹೊಡೆದಿರಿ.

ಯಂತ್ರವನ್ನು ಹಿಂದಕ್ಕೆ ತಿರುಗಿಸಿ ನೋಡಿದೆ. ಇಡೀ ಆಟದಲ್ಲಿ ಒಂದು ಸಲವೂ ನೀವು ಮೊದಲಿರಲಿಲ್ಲ. ಎಲ್ಲ ಸಲವೂ ಜನ ಕೂಗಿದ ಮೇಲೆ. ಒಂದು ಸಲ ಅವರ ಜನ ಕೂಗಿದ್ದಕ್ಕೂ ಹೊಡೆದುಬಿಟ್ಟಿರಿ. ಕೊನೆಗೆ ಹುಡುಗರು ನಿಮ್ಮನ್ನು ಕೆಳಗಿಳಿಸಿ ಓಡಿಹೋದ ಮೇಲೆ, ಖಾಲಿ ಗ್ಯಾಲರಿಯ ಕಡೆ ಮುಖ ಮಾಡಿ, ಕೈಯನ್ನು ಸ್ವಲ್ಪ ಮುಂದೆ ಚಾಚಿಕೊಂಡು ನಿಂತಿದ್ದೀರಿ. ರೀಲು ಅಲ್ಲಿಗೆ ಮುಗಿಯುತ್ತದೆ.

ಬಾಗಿಲಲ್ಲಿ ಹೆಸರು ಕೂಗಿಸುವುದು. ಬೇಲಿಯುದ್ದಕ್ಕೂ ನಡೆಯುವುದು. ಎರಡು ದಿನ ಪೀಚ್. ಬೆರಳಿನ ನೆನಪಿನಿಂದಲೇ ಟೈಪ್ ಮಾಡಿದ ಪತ್ರಗಳು. ಆಟ ನೋಡದವನಿಗೆ ಹೇಳುವ ಹಾಗೆ ಬರೆ ಎಂದಿರಿ. ಮೊದಲ ಪತ್ರದಲ್ಲೇ ನೀವು ಎಲ್ಲವನ್ನೂ ಹೇಳಿದ್ದಿರಿ, ನಾನು ಪರೀಕ್ಷೆ ಎಂದು ಮುನಿಸಿಕೊಂಡೆ. ಇಲ್ಲಿ ಕಣ್ಣು ನೆಟ್ಟಗಿದ್ದ ನಾನು ಎದುರುಮನೆಯ ಹುಡುಗನ ಹೆಸರು ಕೂಗಿಸಿದೆ. ಅದನ್ನು ನೆನೆದು ನಾನೂ ನೋರೀನಳೂ ನಕ್ಕೆವು. ಆಮೇಲೆ ಅವಳು ಅತ್ತಳು.

ಪತ್ರ ಓದುತ್ತಿದ್ದವರು ವರ್ಡಾ ಅಮ್ಮ. ಅವರು ಹೋದ ಮೇಲೆ ಲಕೋಟೆಗಳು ಹಾಗೇ ಬಿದ್ದಿರುತ್ತವೆ. ನನ್ನ ಮೇಲಿನ ಸಿಟ್ಟು ಇಳಿದಿದೆ ಎಂದರೆ ಸುಳ್ಳಾಗುತ್ತದೆ. ಒಂದು ಮಾತು ಹೇಳಿದ್ದರೆ ನನ್ನ ಕೆಲಸ ಉಳಿಯುತ್ತಿತ್ತು, ಆ ಹುಡುಗನ ಮೂಳೆ ಉಳಿಯುತ್ತಿತ್ತು. ಆದರೂ ನಾಳೆ ಹೊರಡುತ್ತಿದ್ದೇನೆ. ನನ್ನ ಅಕ್ಷರ ಕೆಟ್ಟಿದೆ, ನಾನೇ ಓದಿ ಹೇಳುತ್ತೇನೆ ಎನ್ನುತ್ತೇನೆ. ಅಕ್ಟೋಬರ್ ಮೂವತ್ತೊಂದರದು ಕೈಗೆ ಸಿಕ್ಕರೆ ಜೇಬಿಗೆ ಹಾಕಿಕೊಂಡು ಬರುತ್ತೇನೆ. ಅದನ್ನು ನೀವು ಎಂದೂ ಕೇಳಬಾರದು.

ಡೆಲ್


ಡ್ರೈ ಫೋರ್ಕ್
25 ನವೆಂಬರ್ 1973

ಡೆಲ್,

ನೀನು ಬಂದೆ, ಮೂರು ದಿನ ಇದ್ದೆ, ಟರ್ಕಿಕೋಳಿಯ ಹಬ್ಬದೂಟಕ್ಕೆ ಹೆಂಡತಿ ಕಾಯುತ್ತಾಳೆ ಎಂದು ಹೋದೆ. ನೀನು ಹೋದ ಮೇಲೆ ಅಡುಗೆಮನೆಯಲ್ಲಿ ನಿನ್ನ ಹೊಗೆಸೊಪ್ಪಿನ ವಾಸನೆ ಎರಡು ದಿನ ಇತ್ತು. ನಿನ್ನ ಲಕೋಟೆಗಳಿಗೂ ಅದೇ ವಾಸನೆ. ಇಷ್ಟು ದಿನ ಅದನ್ನೇ ಮೂಸಿಕೊಂಡು ಕೂತಿದ್ದೆ ಎಂದು ಈಗ ಹೇಳಬಹುದು.

"ಕೋಚ್, ನನ್ನ ಅಕ್ಷರ ತುಂಬಾ ಕೆಟ್ಟಿದೆ, ನಾನೇ ಓದಿಬಿಡ್ತೀನಿ" ಎಂದೆ ನೀನು. ನಾನು "ಸರಿ" ಎಂದೆ. ಇಬ್ಬರೂ ಚೆನ್ನಾಗಿ ನಟಿಸಿದೆವು. ಅಧ್ಯಕ್ಷರಿಗಾಗಿ ಕಾಗದ ಕೇಳಿದ ಸಾಲುಗಳನ್ನೂ ನೀನು ಬಿಟ್ಟೇ ಓದಿದೆ ಎಂದು ಆಮೇಲೆ ತಿಳಿಯಿತು, ಅಲ್ಲಲ್ಲಿ ನಿನ್ನ ಉಸಿರು ನಿಲ್ಲುತ್ತಿತ್ತು. ಆದರೆ ನೀನು ಎಂಥವನು ಎಂದು ಹದಿನೆಂಟು ವರ್ಷ ಓದಿದವನು ನಾನು. ನಿನ್ನ ಗಾಡಿಯ ಸದ್ದು ಕೇಳಿದ ಕೂಡಲೇ, ಬರೆದದ್ದನ್ನು ವಾಪಸು ಒಯ್ಯಲು ಬಂದಿದ್ದೀಯೆ ಎಂದು ಊಹಿಸಿ, ಆ ದಪ್ಪ ಲಕೋಟೆಯನ್ನು ವರ್ಡಾಳ ಹಿಟ್ಟಿನ ಡಬ್ಬಿಯೊಳಗೆ ಹಾಕಿಟ್ಟಿದ್ದೆ. ನಾನು ಬಚ್ಚಲಿಗೆ ಹೋದಾಗ ನೀನು ಮೇಜಿನ ಖಾನೆಗಳನ್ನೆಲ್ಲ ಎಳೆದು ಹುಡುಕಿದ್ದು ಕೇಳಿಸಿತು. ಅಷ್ಟು ಹುಡುಕುವವನು ಅದರಲ್ಲಿ ನಿಜವನ್ನೇ ಬರೆದಿರಬೇಕು ಎಂದುಕೊಂಡೆ.

ನಿನ್ನೆ ಶನಿವಾರ ಅದನ್ನು ಕ್ಲೀಟಸನ ಅಂಗಡಿಗೆ ತೆಗೆದುಕೊಂಡು ಹೋದೆ. ಕಾಫಿ ಕುಡಿಯುವ ಗುಂಪು ಪೂರ್ತಿ ಇತ್ತು. ಕುರ್ಚಿಯಲ್ಲಿ ಕೂತು, "ಕ್ಲೀಟಸ್, ಕತ್ತರಿ ಕೆಳಗಿಡು. ಇದನ್ನ ಗಟ್ಟಿಯಾಗಿ ಓದು" ಎಂದೆ.

"ನೀವೇ ಓದ್ಕೊಳ್ಳಿ ಕೋಚ್, ನನ್ ಕೈಯೆಲ್ಲ ಸೋಪು" ಎಂದ.

"ನಂಗೆ ಕಣ್ಣು ಕಾಣಲ್ಲ ಕಣಯ್ಯಾ. ಬೇಸಿಗೆಯಿಂದ ಕಾಣಲ್ಲ. ಓದು" ಎಂದೆ.

ಅಷ್ಟೇ. ಇಷ್ಟು ತಿಂಗಳು ಯಾವ ಮಾತಿಗೆ ಹೆದರಿ ಬದುಕಿದ್ದೆನೋ ಅದನ್ನು ಹೇಳಲು ಒಂದು ಉಸಿರೂ ಬೇಕಾಗಲಿಲ್ಲ. ಅವನು ಓದಿದ. ನೀರು ಹೊತ್ತವನು ಎಂದು ಜನ ನಕ್ಕ ಸಾಲಿನಲ್ಲಿ ನಿಂತುಬಿಟ್ಟ. ಮುಂದೆ ಓದು ಎಂದೆ. 'ನಿಮಗೆ ಈಗ ಯಾರೂ ಕಾಣುವುದಿಲ್ಲ' ಎಂಬಲ್ಲಿ ಕಾಗದವನ್ನು ನನ್ನ ಮಡಿಲಲ್ಲಿಟ್ಟ. ಯಾರೋ ಎದ್ದು ಬಂದು ಮುಂದಿನದನ್ನು ಓದಿದರು. ಮುಗಿದ ಮೇಲೆ ಕ್ಲೀಟಸ್ ಕನ್ನಡಿಯಿಂದ ಏನೋ ಹರಿದ ಸದ್ದು ಕೇಳಿಸಿತು. 'ಕಂಬ'ದ ಕಾಗದ ಇರಬೇಕು.

ನಿನ್ನ ಅಧ್ಯಕ್ಷರಿಗೆ ಇವತ್ತು ಬೆಳಿಗ್ಗೆ ಪತ್ರ ಬರೆದೆ. ಕೆಟ್ಟ ಮೇಲೆ ಬುದ್ಧಿ ಬಂತು, ಅಟ್ಟ ಮೇಲೆ ಒಲೆ ಉರಿಯಿತು. ಅದರಿಂದ ನಿನ್ನ ಕೆಲಸ ವಾಪಸು ಬರುವುದಿಲ್ಲ ಎಂದು ಗೊತ್ತು. ಆದರೂ ಬರೆದೆ. ಡೆಲ್ ಒಳ್ಳೆಯ ಕೋಚ್, ನನಗಿಂತ ಒಳ್ಳೆಯವನು, ನನ್ನ ಗೆಲುವುಗಳಲ್ಲಿ ಅರ್ಧದಷ್ಟನ್ನು ಕಂಡದ್ದು ಅವನ ಕಣ್ಣು ಎಂದು ಬರೆದೆ. ಅದರ ಪ್ರತಿ ಇದರ ಜೊತೆಗಿದೆ. ನೋರೀನಳಿಗೂ ಓದಿ ಹೇಳು.

ವರ್ಡಾಳ ತಂಗಿಯ ಸೊಂಟ ಗಟ್ಟಿಮುಟ್ಟಾಗಿಯೇ ಇದೆ. ಡಿಕ್ಕಿಯಾದ ಮರುದಿನ ವರ್ಡಾ ತಾನಾಗಿ ಪೆಟ್ಟಿಗೆ ಕಟ್ಟಿದಳು. "ಆ ಹುಡುಗ ನೀವು ಪಕ್ಕಕ್ಕೆ ಸರೀತೀರಿ ಅಂತ ನಂಬಿದ್ದ. ನಾನು ನಿಮ್ಮ ಕಣ್ಣಾಗಿ ಎಷ್ಟು ದಿನ ಬೇಕಾದ್ರೂ ಇರ್ತೀನಿ, ನಿಮ್ಮ ಸುಳ್ಳಾಗಿ ಇರಲ್ಲ" ಎಂದಳು. ನಿನ್ನೆ ಫೋನ್ ಮಾಡಿ ಕ್ಷೌರದಂಗಡಿಯ ವಿಷಯ ಹೇಳಿದೆ. ಮಿಸೆಸ್ ಗೇಟ್‌ವುಡ್ ಕೇಳಿಸಿಕೊಳ್ಳುತ್ತಿದ್ದಳು, ಮೂಗು ಸೀಟಿದ್ದು ನಮ್ಮಿಬ್ಬರಿಗೂ ಕೇಳಿಸಿತು. ವರ್ಡಾ, "ಹಿಟ್ಟಿನ ಡಬ್ಬೀಲಿ ಕಾಗದ ಇಟ್ರಾ? ಹಿಟ್ಟನ್ನೆಲ್ಲ ಚೆಲ್ಲಿ ತೊಳೀಬೇಕು ಈಗ" ಎಂದಳು. ಬರುತ್ತೇನೆ ಎನ್ನಲಿಲ್ಲ. ಆದರೆ ತೊಳೆಯುವವರು ಯಾರು ಎಂದು ನಾನೂ ಕೇಳಲಿಲ್ಲ.

ಶಾಲೆಯವರಿಗೆ ಹೇಳಿದ್ದೇನೆ. ರಾಜ್ಯಮಟ್ಟದ ಉಳಿದ ಆಟಗಳಿಗೆ ನೀನು ನನ್ನ ಜೊತೆ ನಿಲ್ಲುವುದಾದರೆ ಮಾತ್ರ ನಾನು ನಿಲ್ಲಬಹುದು ಎಂದರು. ಮುಂದಿನ ವರ್ಷದ ಕೆಲಸವನ್ನು ಕೊಡುವುದು ನನ್ನ ಕೈಯಲ್ಲಿಲ್ಲ. ನಿನ್ನ ಹೆಸರನ್ನು ಗಟ್ಟಿಯಾಗಿ ಕೂಗಿ ಬಂದಿದ್ದೇನೆ. ಅವರು ಏನು ಮಾಡುತ್ತಾರೋ ನೋಡೋಣ.

ಮೂರು ವರ್ಷದ ಹಿಂದೆ ಬಾಗಿಲಲ್ಲಿ ನಿಂತು ನಾನು ಹೇಳಬೇಕಾಗಿದ್ದ ಮಾತು 'ಇರು'. ಬಾಯಿಗೆ ಬರಲಿಲ್ಲ. ಈಗ ಹೇಳುವುದು ಬೇರೆ ಮಾತು. ಬಾ, ಡೆಲ್.

ಗುರುವಾರವೇ ಬಾ. ಮೊದಲು ತೋಳು ಮುರಿದ ಆ ಹುಡುಗನ ಮನೆಗೆ ನನ್ನನ್ನು ಕರೆದುಕೊಂಡು ಹೋಗು. ಅವನೂ ಅವನ ಅಪ್ಪನೂ ಏನು ಹೇಳುತ್ತಾರೋ ನಿಂತು ಕೇಳಬೇಕು.

ಶುಕ್ರವಾರ ಮೈದಾನದಲ್ಲಿ ನನ್ನ ಎಡಗಡೆ ನಿಂತುಕೋ. ಚೆಂಡನ್ನು ನೋಡಬೇಡ, ಸಾಲನ್ನು ನೋಡು. ನಮ್ಮ ಹುಡುಗರು ಸರಿಯಾಗಿ ತಳ್ಳಿದ ಕೂಡಲೇ ನನ್ನ ತೋಳನ್ನು ಮುಟ್ಟು. ನನಗೆ ಜನಕ್ಕಿಂತ ಮೊದಲು ಚಪ್ಪಾಳೆ ಹೊಡೆಯಬೇಕು.

ಆರ್ವಿಲ್